ತವರವೋ ಸೀಸವೋ

ಮಲೇಷ್ಯಾದ ಪೂರ್ವ ಕರಾವಳಿಯ ಒಂದು ಹೋಟೆಲಿನಲ್ಲಿ ನಾನು ಆರು ವರ್ಷ ಮೈದಾ ರೊಟ್ಟಿ ಮಾಡಿದೆ. ರಜೆಯ ದಿನ ಜೊತೆಯವರು ಮಲಗುತ್ತಿದ್ದರು, ನಾನು ನದಿ ದಂಡೆಯ ಹಳೆ ಸಾಮಾನಿನ ಸಂತೆಗೆ ಹೋಗುತ್ತಿದ್ದೆ. ಅಲ್ಲೊಬ್ಬ ಮುದುಕ ಬೂದು ಬಣ್ಣದ, ನಡುವೆ ತೂತಿದ್ದ ನಾಣ್ಯಗಳನ್ನು ಮಾರುತ್ತಿದ್ದ. ಅವು ಮಲಯ ಸುಲ್ತಾನರ ಕಾಲದ ತವರದ ಕಾಸುಗಳು ಎನ್ನುತ್ತಿದ್ದ. ಅವುಗಳ ಮೇಲಿನ ಸವೆದ ಅರಬ್ಬಿ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ಆದರೂ ವಾರಕ್ಕೊಂದು ಕೊಳ್ಳುತ್ತ ಹೋದೆ.

ನನ್ನೂರು ಮಕ್ತಲಕ್ಕೆ ಮರಳಿ ಟಿಫಿನ್ ಅಂಗಡಿ ಇಟ್ಟ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದೇ ನಾಣ್ಯದ ಫೋಟೊ ತೆಗೆದು, ಅಡುಗೆಮನೆಯಲ್ಲಿ ಕಲಿತ ಮಲಯ ಭಾಷೆಯಲ್ಲೇ ನಾಲ್ಕು ಸಾಲು ಬರೆದು ಆನ್‌ಲೈನಿನಲ್ಲಿ ಹಾಕತೊಡಗಿದೆ. ಓದುವವರು ಹೆಚ್ಚಿದರು. ಆಗ ಮಲೇಷ್ಯಾದ ದೊಡ್ಡ ನಾಣ್ಯ ಸಂಗ್ರಾಹಕರೊಬ್ಬರು, ಇವೆಲ್ಲ ನಿನ್ನೆ ಮೊನ್ನೆ ಎರಕ ಹೊಯ್ದ ಸೀಸ, ರೊಟ್ಟಿ ಮಾಡುವವನಿಗೆ ಯಾರೋ ಟೋಪಿ ಹಾಕಿದ್ದಾರೆ ಎಂದು ಬರೆದರು. ಹತ್ತಾರು ಜನ ನಕ್ಕರು. ನಾನು ಮೂರು ದಿನ ಆ ಪುಟ ತೆರೆಯಲಿಲ್ಲ.

ನನ್ನ ಹೆಂಡತಿಯೇ ದಾರಿ ತೋರಿಸಿದಳು. "ತವರ ಹೌದೋ ಅಲ್ಲೋ ಹೇಳಾಕ ಅಷ್ಟು ದೂರದವರು ಯಾಕ ಬೇಕ್ರಿ? ನಾರಾಯಣಪೇಟದಾಗ ಕಲಾಯಿ ಚಾಚಿ ಅದಾರಲ್ಲ."

ಚಾಚಿ ಗಂಡನ ಜೊತೆ ಊರೂರು ತಿರುಗಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆಗಳಿಗೆ ತವರದ ಕಲಾಯಿ ಹಾಕಿದವರು. ಗಂಡ ತೀರಿಕೊಂಡ ಮೇಲೆ ಕೆಲಸ ಬಿಟ್ಟಿದ್ದರು. ನಾವು ಬಸ್ಸಿನಲ್ಲಿ ಹೋಗಿ ಅವರ ಮುಂದೆ ನಾಣ್ಯ ಸುರಿದೆವು. ಅವರು ಒಂದೊಂದನ್ನೂ ಬಿಳಿ ಹಾಳೆಗೆ ಉಜ್ಜಿ ನೋಡಿದರು. ಎರಡು ಮಾತ್ರ ಸೀಸದ ಕಡ್ಡಿಯಂತೆ ಕಪ್ಪು ಗೆರೆ ಎಳೆದವು. ಅವನ್ನು ಬದಿಗಿಟ್ಟರು. ಆಮೇಲೆ ಒಡೆದ ನಾಣ್ಯದ ಒಂದು ಚೂರನ್ನು ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು. ಶೇಂಗಾ ಸಿಪ್ಪೆ ಹಿಸುಕಿದಂತೆ ಕರಕರ ಸದ್ದು ಕೇಳಿಸಿತು.

"ಸೀಸ ಮೂಕ ಇರತೈತಿ ಬೇಟಾ. ತವರ ಬಗ್ಗಿಸಿದ್ರ ಒದರತೈತಿ. ಆ ಎರಡು ಬಿಟ್ರ ಉಳಿದದ್ದೆಲ್ಲ ತವರಾನೇ ಐತಿ."

ಹೆಂಡತಿ ಫೋನು ಹಿಡಿದಳು, ಚಾಚಿ ಮತ್ತೊಂದು ಚೂರು ಬಗ್ಗಿಸಿದರು. ಆ ವಿಡಿಯೊ ಹಾಕುವಾಗ ಎರಡು ನಾಣ್ಯ ಸೀಸದವೆಂಬುದನ್ನೂ ಮುಚ್ಚಿಡದೆ ಬರೆದೆ.

ಮರುದಿನ ಪುಟ ತೆರೆದರೆ ನಂಬಲಾಗಲಿಲ್ಲ. ಮಲೇಷ್ಯಾದ ನಿವೃತ್ತ ಶಿಕ್ಷಕಿಯೊಬ್ಬರು ಅಕ್ಷರಗಳನ್ನು ಬಿಡಿಸಿ, ಒಂದರ ಮೇಲೆ 'ನ್ಯಾಯವಂತ ದೊರೆ' ಎಂದಿದೆ, ತಮ್ಮ ಅಜ್ಜಿಯ ಮನೆಯಲ್ಲೂ ಇಂಥವೇ ಇದ್ದವು ಎಂದು ಬರೆದಿದ್ದರು. ಆ ಸಂಗ್ರಾಹಕರು ತಮ್ಮ ಮಾತು ಹಿಂತೆಗೆದುಕೊಂಡು, ಎಲ್ಲರೆದುರೇ ಕ್ಷಮೆ ಕೇಳಿದ್ದರು. ನೂರಾರು ಮಂದಿ ನಾಣ್ಯಕ್ಕಿಂತ ಹೆಚ್ಚಾಗಿ, ವಿಡಿಯೊದಲ್ಲಿ ತವರ ಬಗ್ಗಿಸಿದ ಆ ಹೆಣ್ಣುಮಗಳು ಯಾರೆಂದು ಕೇಳಿದ್ದರು.

ಅಂಗಡಿಗೆ ರಜೆ ಹಾಕಿ ಮತ್ತೆ ನಾರಾಯಣಪೇಟೆಗೆ ಹೋದೆ. ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದೆ. ಚಾಚಿ ತಲೆಯ ಸೆರಗು ಸರಿಪಡಿಸಿಕೊಂಡು, ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದು ಕೂಡಿಸಿದರು. ನಾನು ಫೋನಿನಲ್ಲಿ ತವರ ಒದರುವ ಆ ವಿಡಿಯೊ ಹಚ್ಚಿದೆ.

"ಸದ್ದು ಜೋರು ಮಾಡು ಬೇಟಾ," ಎಂದರು, "ಇವರೂ ಕೇಳಲಿ."