ಹಸಿ ಶೇಂಗಾ ಕೆಂಪು, ಒಣ ಶೇಂಗಾ ಕೆಂಪು

ಮದುವೆಯಾಗಿ ಚಳ್ಳಕೆರೆ ಕಡೆಯಿಂದ ಮೊಳಕಾಲ್ಮೂರಿನ ಈ ಮಗ್ಗದ ಮನೆಗೆ ಬಂದಾಗ ನನಗೆ ಗೊತ್ತಿದ್ದದ್ದು ಒಂದೇ ಕೆಂಪು. ಅತ್ತೆಯ ಬಾಯಲ್ಲಿ ಹತ್ತಾರು ಕೆಂಪು: ಕುಂಕುಮದ್ದು, ದಾಳಿಂಬೆಯದ್ದು, ಅರಗಿನದ್ದು, ಇಟ್ಟಿಗೆಯದ್ದು. ಅರಗಿನ ಕೆಂಪು ರೇಷ್ಮೆ ಕೇಳಿದರೆ ನಾನು ದಾಳಿಂಬೆಯದನ್ನು ಕೊಡುತ್ತಿದ್ದೆ.

"ಅಮ್ಮೋ! ಈ ಹುಡುಗಿಗೆ ಕಣ್ಣು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಂಪು ಅಂದರೆ ಕೆಂಪೇ ತಾನೆ!

ಆಮೇಲೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಅವ್ವನದು ಒಂದೇ ಹಟ: ತನ್ನ ಧಾರೆ ಸೀರೆಯ ಕೆಂಪನ್ನೇ ಉಟ್ಟು ಮಗಳನ್ನು ಧಾರೆಯೆರೆಯಬೇಕು. ಆ ಹಳೆಯ ಸೀರೆಯೋ, ಟ್ರಂಕಿನಲ್ಲೇ ಇಲಿಗಳ ಪಾಲಾಗಿತ್ತು.

"ಯಾವ ಕೆಂಪು ಬೀಗರೇ?" ಎಂದು ಅತ್ತೆ ಫೋನಿನಲ್ಲಿ ಕೇಳಿದರು.

"ಶೇಂಗಾ ಬೀಜದ ಮೇಲೆ ಸಿಪ್ಪೆ ಐತಲ್ರಿ, ಅದೇ" ಎಂದಳು ಅವ್ವ.

ಅತ್ತೆ ಅಡುಗೆಮನೆಯ ಡಬ್ಬದಿಂದ ಹಿಡಿ ಶೇಂಗಾ ತೆಗೆದು ಬಿಸಿಲಿಗೆ ಹಿಡಿದರು, ರೇಷ್ಮೆಗೆ ಅದೇ ಬಣ್ಣ ಹಾಕಿಸಿದರು, ತಾವೇ ಕೂತು ನೇಯ್ದರು.

ಸೀರೆ ಒಯ್ಯಲು ಬಂದ ಅವ್ವ ಮಡಿಕೆ ಬಿಚ್ಚಿದವಳೇ ಮುಖ ಸಣ್ಣದು ಮಾಡಿಕೊಂಡಳು. "ಇದು ಒಣಗಿದ ಬೀಜದ್ದು. ನಾನು ಹೇಳಿದ್ದು ಆಗ್ತಾನೆ ಗಿಡ ಕಿತ್ತಾಗಿನ ಹಸೀದು." ಹೊಲದವಳಿಗೆ ಶೇಂಗಾ ಎಂದರೆ ಹೊಲದ್ದು, ಮಗ್ಗದವರಿಗೆ ಡಬ್ಬದ್ದು! ಅವ್ವನ ಕಣ್ಣು ತುಂಬಿತು.

"ಇರ್ಲಿ ಬಿಡ್ರಿ, ಇದನ್ನೇ ಉಡ್ತೀನಿ" ಎಂದಳು.

ಅತ್ತೆ ಸೀರೆ ಕಿತ್ತುಕೊಂಡರು. "ಯಾಕ್ರೀ ಉಡ್ತೀರಾ? ಬೇರೆ ನೇಯ್ತೀನಿ. ಈ ಸಲ ಗಿಡನೇ ತನ್ನಿ."

ಅವ್ವ ನಮ್ಮೂರ ಕಡೆಯ ಪರಶುರಾಂಪುರದ ಬಸ್ಸಿನಲ್ಲಿ ಮಣ್ಣು ಉದುರಿಸುತ್ತಾ ಗಿಡದ ಕಂತೆಯನ್ನೇ ತಂದಳು. ಅತ್ತೆ ಕಾಯಿ ಒಡೆದು, ಹಸಿ ಬೀಜದ ತಿಳಿಗೆಂಪು ನೋಡಿ, "ಆಹಾ, ಇದಾ!" ಎಂದರು. ಮೊದಲಿನ ಸೀರೆಯನ್ನು ಅಂಗಡಿಗೆ ಕೊಡೋಣವೆಂದು ನಾನು ಹೇಳಿದರೆ, ಅತ್ತೆ ಅದನ್ನು ಮಡಚಿ ತಮ್ಮ ಪೆಟ್ಟಿಗೆಯಲ್ಲಿಟ್ಟರು.

ಯಾಕೆಂದು ನನಗೆ ತಿಳಿದದ್ದು ತಂಗಿಯ ಮದುವೆಯ ದಿನ. ಅವ್ವ ಹಸಿ ಶೇಂಗಾ ಕೆಂಪು ಉಟ್ಟು ಹೊಸ ಮದುಮಗಳ ಹಾಗೆ ನಾಚುತ್ತಿದ್ದಳು. ಪಕ್ಕದಲ್ಲಿ ಅತ್ತೆ, ಒಣ ಶೇಂಗಾದಲ್ಲಿ. ಬುದ್ಧಿ ಬಂದಾಗಿನಿಂದ ನೇಯ್ದವರು ತಾವು ನೇಯ್ದದ್ದನ್ನು ಉಟ್ಟಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಅಳುವೇ ಬಂತು.

ಅಷ್ಟರಲ್ಲಿ ನೆಂಟರ ಹೆಂಗಸೊಬ್ಬಳು, "ಬೀಗಿತ್ತಿಯರು ಮಾತಾಡ್ಕೊಂಡು ಒಂದೇ ಬಣ್ಣ ಉಟ್ಟೀರಾ?" ಎಂದು ಕೇಳಿದಳು.

ಅವರಿಬ್ಬರೂ ಬಾಯಿ ತೆರೆಯುವ ಮೊದಲೇ ನಾನು ರೇಗಿಬಿಟ್ಟೆ. "ಎಲ್ಲಿ ಒಂದೇ? ನಿಮಗೇನು ಕಣ್ಣು ಕಾಣಲ್ವಾ?"

ಅತ್ತೆ ನನ್ನ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.