ಅವ್ವನ ಎಡಗಿವಿ

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಅಪ್ಪ ಸಂಡೂರಿನ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರದ ಮೇಲೆ ದುಡಿದು ನಿವೃತ್ತನಾದವನು. ಊಟಕ್ಕೆ ಬಾ ಎಂದು ಅವ್ವ ಕರೆದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಗದ್ದಲವೇ ನನಗೆ ಹೆಚ್ಚು ನೆನಪಾಗುತ್ತದೆ.

ಅಪ್ಪನ ಕಿವಿ ತೋರಿಸಲೆಂದೇ ಒಮ್ಮೆ ಮೂವರೂ ಹೊಸಪೇಟೆಯ ಡಾಕ್ಟರಮ್ಮನ ಬಳಿ ಹೋದೆವು. ಪರೀಕ್ಷೆ ಮುಗಿದ ಮೇಲೆ, ತಲೆಯ ಸ್ಕ್ಯಾನ್ ಬೇಕಾಗುತ್ತದೆಯೇ ಎಂದು ಕೇಳಿದೆ.

"ಬ್ಯಾಡ. ಎರಡೂ ಕಿವಿ ಒಂದೇ ಸಮ ಮಂದ ಆಗ್ಯಾವ. ಗಣಿ ಸದ್ದಿಗೆ ಹಿಂಗಾಗ್ತೈತಿ. ಕಿವಿಗೆ ಮಷೀನ್ ಹಾಕ್ಕೊಂಡ್ರ ಸಾಕು," ಎಂದರು.

ಅಷ್ಟರಲ್ಲಿ ಅವರ ಕಣ್ಣು ಅವ್ವನ ಮೇಲೆ ಬಿತ್ತು. ಪ್ರತಿ ಮಾತಿಗೂ ಅವಳು ಕತ್ತು ತಿರುಗಿಸಿ ಬಲಗಿವಿ ಕೊಡುತ್ತಿದ್ದಳು.

"ನಿಮ್ಮ ಎಡಗಿವಿ ಹೆಂಗೈತ್ರಿ?"

"ಒಳಗ ಜೀರುಂಡಿ ಕುಂತಂಗ ಗುಂಯ್ ಅಂತಿರ್ತೈತ್ರಿ. ಭಾಳ ದಿನಾತು. ವಯಸ್ಸಾತಲ್ರಿ."

ಅವ್ವ ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳಿಗೂ ಪರೀಕ್ಷೆಯಾಯಿತು. ಬಲಗಿವಿ ಚೆನ್ನಾಗಿತ್ತು, ಎಡಗಿವಿ ಬಹಳ ಕುಸಿದಿತ್ತು.

"ವಯಸ್ಸಿಂದಾದ್ರ ಸಾಮಾನ್ಯವಾಗಿ ಎರಡೂ ಕಡೆ ಆಗ್ತೈತಿ. ಒಂದೇ ಕಡೆ ಮಂದ, ಒಂದೇ ಕಡೆ ಗುಂಯ್ ಅಂದ್ರ ಒಳಗಿನ ನರ ನೋಡ್ಬೇಕು. ಇವರಿಗೆ ಎಂಆರ್‌ಐ ಮಾಡಿಸ್ರಿ."

ಸ್ಕ್ಯಾನ್ ಕೋಣೆಗೆ ಲೋಹ ಒಯ್ಯುವಂತಿಲ್ಲ. ಕಾಲುಂಗುರವನ್ನು ಸೋಪು ಹಚ್ಚಿ ಬಿಡಿಸಿದೆ. ತಾಳಿಯ ಮಾತು ಬಂದಾಗ ಅವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಳು.

ಅಪ್ಪ ಕೈ ಚಾಚಿದ. "ಇಲ್ಲಿ ಕೊಡು. ಕಟ್ಟಿದಾವ ನಾನ ಅಲ್ಲೇನು, ಇಟ್ಕೊಂಡಿರ್ತೀನಿ."

ಅವಳು ಹೊರಬರುವವರೆಗೂ ಅದನ್ನು ಅಂಗಿಯ ಜೇಬಿಗೂ ಹಾಕದೆ ಬೊಗಸೆಯಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದ. ಗೋಡೆಯಾಚೆ ಯಂತ್ರ ಬಡಿದುಕೊಳ್ಳುತ್ತಿತ್ತು. ಅದು ಅವನಿಗೆ ಕೇಳಿಸುತ್ತಿರಲಿಲ್ಲ. "ಮುಗೀತೇನು?" ಎಂದು ಮತ್ತೆ ಮತ್ತೆ ನನ್ನನ್ನು ಕೇಳುತ್ತಿದ್ದ.

ಕಿವಿಯ ನರದ ಮೇಲೆ ಸಣ್ಣದೊಂದು ಗಂಟು ಕಂಡಿತು. ಕ್ಯಾನ್ಸರ್ ಅಲ್ಲ, ಈಗಲೇ ಆಪರೇಷನ್ ಬೇಡ, ಆಗಾಗ ಸ್ಕ್ಯಾನ್ ಮಾಡಿಸಿ ಬೆಳೆಯುತ್ತಿದೆಯೇ ನೋಡೋಣ ಎಂದರು ಡಾಕ್ಟರಮ್ಮ. ಅದು ಇಂದಿಗೂ ಬೆಳೆದಿಲ್ಲ. ಹೋದ ಕಿವಿಯೂ ಬರಲಿಲ್ಲ.

ಸ್ಕ್ಯಾನ್ ಮಾಡಿಸಿದ ದಿನ ಮನೆಗೆ ಮರಳುವಾಗ ಅಪ್ಪ ಆಟೋ ಮೊದಲು ಹತ್ತಿ ಕುಳಿತ, ಆಮೇಲೆ ಏನೋ ಯೋಚಿಸಿ ಕೆಳಗಿಳಿದು ಅವಳ ಬಲಕ್ಕೆ ಬಂದ. ಯಾಕಜ್ಜ ಎಂದು ಆಟೋದವನು ಗಟ್ಟಿಯಾಗಿ ಕೇಳಿದ.

"ಆಕಿಗೆ ಈ ಕಡೆ ಕೇಳ್ತೈತಪ, ನಡಿ," ಎಂದ ಅಪ್ಪ.