ಮಾವಯ್ಯನ ಕಾರು ಮತ್ತು ನನ್ನ ಮದುವೆ ಕಾರ್ಡು

ನನ್ನ ಮದುವೆಯ ಕಾರ್ಡಿಗೆ ಕಾರಿನ ಇಂಜಿನ್ನಿನಲ್ಲಿ ಕೆಲಸವಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಕೊಪ್ಪದ ನಮ್ಮ ಮನೆಯಲ್ಲಿ ಮಾವಯ್ಯನ ಹಳೇ ಕಾರಿತ್ತು. ಆಯಿಲ್ ಬದಲಿಸುವುದು, ಪ್ಲಗ್ ಉಜ್ಜುವುದು ಎಲ್ಲ ಅವರೇ. ಗ್ಯಾರೇಜಿಗೆ ಬಿಡಿ ಅಂದರೆ ಮೈಮೇಲೇ ಬರುವರು! ಇಂಜಿನ್ನಿಗೆ ಕಿಡಿ ಕೊಡಲು ಪಾಯಿಂಟ್ ಅಂತ ಲೋಹದ ಪುಟ್ಟ ತುಂಡುಗಳ ಒಂದು ಜೋಡಿ ಇರುತ್ತಿತ್ತು. ಅದರ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಡಿ ಹಟ ಹಿಡಿಯುತ್ತಿತ್ತು. ಅಳೆಯುವ ತಗಡು ಮಳೆಗಾಲದಲ್ಲಿ ತುಕ್ಕು ತಿಂದುಹೋದ ಮೇಲೆ, ಮಿಕ್ಕಿದ್ದ ನಮ್ಮ ಮದುವೆ ಕಾರ್ಡು ಕತ್ತರಿಸಿ, ಸಂದಿಗೆ ತೂರಿಸಿ ಅಳತೆ ಹಿಡಿಯತೊಡಗಿದರು. “ನಿನ್ನ ಮದುವೆಯಿಂದ ಈ ಮನೆಗಾದ ದೊಡ್ಡ ಉಪಕಾರ ಇದೇ ಮಾರಾಯ್ತಿ” ಎಂದು ನಗುತ್ತಿದ್ದರು. ಸೊಸೆಯರು ಮಾವನ ಎದುರು ನಿಲ್ಲಲೂ ಹೆದರುತ್ತಿದ್ದ ಕಾಲವದು. ನಾನೋ, ಶೆಡ್ಡಿನಲ್ಲಿ ಗೋಣಿ ಹಾಸಿಕೊಂಡು ಪಕ್ಕದಲ್ಲೇ ಕೂತು ಸ್ಪ್ಯಾನರ್ ಎತ್ತಿ ಕೊಡುತ್ತಿದ್ದೆ.

ಒಂದು ಮಳೆಗಾಲದಲ್ಲಿ ಅವರ ಕೈ ನಡುಗಲು ಶುರುವಾಯಿತು. ಕಾರು ವಾರಗಟ್ಟಲೆ ಅಲ್ಲಾಡದೆ ನಿಂತಿತು. ಶೃಂಗೇರಿಗೆ ದಿನಾ ಕೆಲಸಕ್ಕೆ ಹೋಗಿಬರುತ್ತಿದ್ದ ನಮ್ಮನೆಯವರು ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟರು: “ಅಪ್ಪಯ್ಯ, ಈ ಭಾನುವಾರ ಸ್ಟಾರ್ಟ್ ಆಗದಿದ್ರೆ ಕೇಳ್ತಿರೋ ನರಸಿಂಹರಾಜಪುರದವರಿಗೆ ಮಾರಿಬಿಡ್ತೇನೆ. ನಿಮ್ಮ ಕೈಯಲ್ಲಿ ಇನ್ನು ಆಗೋದಲ್ಲ.” ಮಾವಯ್ಯ ಮಜ್ಜಿಗೆ ಅನ್ನ ಬಿಟ್ಟು ಎದ್ದರು. ನನಗೆ ಗಂಡನ ಮೇಲೆ ಉರಿದುಹೋಯಿತು. ನಿಜವೇ ಇರಬಹುದು, ಆದರೆ ಎಲೆಯ ಮುಂದೆ ಕೂತವರಿಗೆ ಆಡುವ ಮಾತೇ ಅದು?

ಭಾನುವಾರ ನಮ್ಮನೆಯವರು ಪೇಟೆಗೆ ಹೊರಟದ್ದೇ ತಡ, ನಾನೂ ಮಾವಯ್ಯನೂ ಬಾನೆಟ್ ಎತ್ತಿದೆವು. ಮಾವಯ್ಯನ ಕೈಯಿಂದ ಸಣ್ಣ ಸ್ಕ್ರೂ ಮತ್ತೆ ಮತ್ತೆ ಜಾರಿ ಬಿತ್ತು. “ಬೆಳಕಿಗೆ ಅಡ್ಡ ನಿಂತ್ರೆ ಎಂತ ಕಾಣ್ತದೆ?” ಎಂದು ನನ್ನ ಮೇಲೆ ರೇಗಿದರು. ನಾನು ಅಡ್ಡ ನಿಂತಿರಲೇ ಇಲ್ಲ. ಸ್ಕ್ರೂಡ್ರೈವರಿಗೆ ಕೈ ಚಾಚಿದೆ. ನನ್ನ ಮುಖ ನೋಡಿ ಕೊಟ್ಟರು. ಕಪಾಟಿನಲ್ಲಿದ್ದ ಕಾರ್ಡು ತಂದು, ಸಂದಿಗಿಟ್ಟು, ಸ್ಕ್ರೂ ಬಿಗಿದೆ. ಮಾವಯ್ಯ ಕೀಲಿ ತಿರುಗಿಸಿದರೆ ಇಂಜಿನ್ ಕೆಮ್ಮಿ ಸುಮ್ಮನಾಯಿತು. ಅಯ್ಯೋ ದೇವರೇ, ಕಥೆ ಮುಗಿಯಿತು ಅಂದುಕೊಂಡೆ.

ಮಾವಯ್ಯ ಇಳಿದು ಬಂದು ಕಾರ್ಡನ್ನು ಬೆರಳಲ್ಲಿ ಹಿಸುಕಿ ನೋಡಿದರು. “ತಂಡಿ ಹೀರಿ ಊದಿಕೊಂಡಿದೆಯಲ್ಲೇ! ಸಂದು ಅಗಲ ಆಗದೆ ಇನ್ನೇನಾಗ್ತದೆ? ಒಲೆ ಹತ್ರ ಹಿಡಿದು ಒಣಗಿಸ್ಕೊಂಡು ಬಾ.” ಹಪ್ಪಳದ ಹಾಗೆ ಕಾಯಿಸಿ ತಂದು ಮತ್ತೆ ಅಳತೆ ಹಿಡಿದೆ. ಮಾವಯ್ಯ ಮತ್ತೆ ಕೂತು ಕೀಲಿ ತಿರುಗಿಸಿದರೆ ಈ ಸಲ ಇಂಜಿನ್ ಸ್ಟಾರ್ಟ್ ಆಗಿಯೇಬಿಟ್ಟಿತು. ಮಾವಯ್ಯನ ಮುಖ ನೋಡಬೇಕಿತ್ತು!

ಪೇಟೆಯಿಂದ ಆಗಷ್ಟೇ ಬಂದ ನಮ್ಮನೆಯವರು ಸದ್ದು ಕೇಳಿ ಗೇಟಿನಿಂದಲೇ ಓಡಿ ಬಂದರು. “ಯಾರು ಸರಿ ಮಾಡಿದ್ದು?”

“ಮತ್ಯಾರು? ಮಾವಯ್ಯ” ಎಂದೆ, ಮಸಿಯಾದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ಮುದುಕರು ಇದೊಂದು ಸಲ ಮಗನೆದುರು ತಲೆ ಎತ್ತಿ ನಿಲ್ಲಲಿ ಅಂತಲೇ ನನ್ನ ಆಸೆ.

ಮಾವಯ್ಯ ಇಂಜಿನ್ ಆಫ್ ಮಾಡಿ ಇಳಿದರು. ನಡುಗುವ ಎರಡೂ ಕೈಗಳನ್ನು ಮಗನ ಮುಂದೆ ಚಾಚಿದರು. ಬೆರಳ ತುದಿ ಬಿಟ್ಟರೆ ಎಲ್ಲೂ ಮಸಿ ಇರಲಿಲ್ಲ. “ನೀನು ಹೇಳಿದ್ದು ಸರಿಯೇ. ಈ ಕೈಗಳಿಂದ ಇನ್ನು ಆಗೋದಲ್ಲ. ಮಾಡಿದ್ದು ಇವಳು” ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನ ಮಸಿಗೈ ಹಿಡಿದು ಹೊರಗೆಳೆದು, ಅದರಲ್ಲಿ ಕೀಲಿ ಇಟ್ಟರು.

“ಮಾರೋದಾದ್ರೆ ಇನ್ನು ಇವಳನ್ನ ಕೇಳು.”